ಆ ಕಾಗದ ಬರದವ ನಾನ

ದೇವದುರ್ಗ
4 ಫೆಬ್ರುವರಿ 2022

ಪೂಜ್ಯ ಶಹಜಾದಿ ಬೇಗಂ ಅಕ್ಕೋರಿಗೆ,

ತಮ್ಮ ಹಳೆಯ ವಿದ್ಯಾರ್ಥಿ ಪ್ರಭುರಾಜನ ನಮಸ್ಕಾರಗಳು. ಮಾನ್ವಿ ತಾಲೂಕಿನ ಮಲ್ಲಟದ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ತಮ್ಮ ಕೈಯಲ್ಲಿ ಓದಿದವನು ನಾನು. ಕುರಿ ಕಾಯುವ ದುರುಗಮ್ಮನ ಮಗ ಎಂದರೆ ನೆನಪಾಗಬಹುದು. ತಾವು ನಿವೃತ್ತರಾಗಿ ರಾಯಚೂರಿನಲ್ಲಿ ಮಗಳ ಮನೆಯಲ್ಲಿ ಇರುವಿರೆಂದೂ, ಜ್ವರ ಬಂದು ಎರಡೂ ಕಿವಿ ಹೋದವೆಂದೂ ಊರಲ್ಲಿ ಕೇಳಿ ಬಹಳ ನೋವಾಯಿತು. ಫೋನು ಮಾಡಿದರೆ ಉಪಯೋಗವಿಲ್ಲವೆಂದು ಈ ಪತ್ರ.

ಶಕ್ತಿನಗರದಲ್ಲಿ ನಾಲ್ಕು ವರ್ಷ ಗುತ್ತಿಗೆ ಕೆಲಸ ಮಾಡಿದೆ. ಗುತ್ತಿಗೆ ಮುಗಿದ ಮೇಲೆ ಒಂದು ವರ್ಷ ಸುಮ್ಮನೆ ಕುಳಿತೆ. ಈಗ ದೇವದುರ್ಗದಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದೇನೆ. ಹುಟ್ಟುಹಬ್ಬವಿರಲಿ, ಶ್ರದ್ಧಾಂಜಲಿ ಇರಲಿ, ಬರವಣಿಗೆ ನನ್ನದೇ. ತಪ್ಪಿಲ್ಲದ ಕನ್ನಡ ಬೇಕಾದರೆ ಪ್ರಭುರಾಜನ ಹತ್ತಿರ ಹೋಗು ಎನ್ನುತ್ತಾರೆ. ಅದು ತಮ್ಮ ಋಣ. ಇಲ್ಲಿಯ ಯುವಕರ ಬಳಗವೊಂದರಲ್ಲಿ ಸಮಾಜ ಸೇವೆಯನ್ನೂ ಮಾಡುತ್ತಿದ್ದೇನೆ.

ತಮ್ಮ ವಿಧೇಯ,
ಪ್ರಭುರಾಜ

&nbsp;

ರಾಯಚೂರು
13 ಫೆಬ್ರುವರಿ 2022

ಪ್ರಭು,

ನಿನ್ನ ಪತ್ರ ಮೂರು ಸಲ ಓದಿದೆ. ಮಗಳು ನಾಹಿದ್‌ಗೂ ಓದಿ ಹೇಳಿದೆ. ದುರುಗಮ್ಮನ ಮಗನ್ನ ಹೆಂಗ ಮರೀಲಿ? ಮಳಿಗಾಲದಾಗ ಕಂಬಳಿ ಹೊತಗೊಂಡು ಬಂದು, ಇಡೀ ಸಾಲಿಗೆ ಕುರಿ ವಾಸನಿ ಹಚ್ಚಿ, ಮತ್ತ ಎಲ್ಲಾರಿಗಿಂತ ಚೊಲೊ ಪ್ರಬಂಧ ಬರೀತಿದ್ದಿ.

ಒಂದು ಮಾತು ಹೇಳಲೇನು? ಇಷ್ಟು ಪುಸ್ತಕದ ಕನ್ನಡ ನನಗ ಬ್ಯಾಡ. ಕಿವಿ ಹೋದ ಮ್ಯಾಲ ನಮ್ಮ ಕಡಿ ಮಾತು ಕೇಳೋದು ತಪ್ಪೇದ. ನೀ ಮಾತಾಡಿದಂಗ ಬರಿ, ಓದ್ತಾ ಓದ್ತಾ ಕೇಳಿದಂಗ ಆಗ್ತದ. ಮನ್ಯಾಗ ಎಲ್ಲಾರೂ ನೋಟ್‌ಬುಕ್ಕಿನ್ಯಾಗ ಬರದು ತೋರಿಸಿ ನನ್ನ ಜೋಡಿ ಮಾತಾಡ್ತಾರ. ಫೋನಿನ್ಯಾಗ ಬರ್ಕೊಂಡು ಮಾತಾಡು ಅಂತಾಳ ನಾಹಿದ್. ಅದ್ರಾಗ ದಿನಾ ಬರೋ ಸುದ್ದಿ ನೋಡಿ ಸಾಕಾಗಿ ಫೋನ್ ಅಕಿ ಕೈಯಾಗ ಕೊಟ್ಟುಬಿಟ್ಟೀನಿ. ಕಾಗದನ ಚೊಲೊ.

ಇನ್ನೊಂದು. ನನ್ನ ಅಳಿಯ ಜಮೀರ್ ಪಿಂಜಾರ. ಹತ್ತಿ ಹಿಂಜಿ ಗಾದಿ, ದಿಂಬು ಹೊಲಿಯೋದು ಅವರ ಮನಿ ಕೆಲಸ. ಮಾನ್ವಿ ಸಂತಿ, ದೇವದುರ್ಗ ಸಂತಿ ಎರಡೂ ಮಾಡ್ತಾನ. ಭಾಳ ಮಾತಾಡೋ ಮನುಷ್ಯಾ ಅಲ್ಲ. ಕಂಡ್ರ ನಿನ್ನ ಹೆಸರು ಹೇಳಿ ಒಂದು ಚಾ ಕುಡಸು. ಪರಊರಾಗ ಅವನಿಗೊಬ್ಬ ತನ್ನಾಂವ ಇದ್ದಂಗ ಆಗ್ತದ.

ನೀ ನೆನಪಿಟ್ಟು ಬರದದ್ದಕ್ಕ ನಾನು ಎಷ್ಟು ಖುಷಿ ಆಗೀನಿ ಅಂತ ನಿನಗ ಗೊತ್ತಾಗಂಗಿಲ್ಲ.

ನಿನ್ನ ಅಕ್ಕೋರು

&nbsp;

ದೇವದುರ್ಗ
20 ಮಾರ್ಚ್ 2022

ಗೌರವಾನ್ವಿತ ಅಕ್ಕೋರಿಗೆ,

ತಡವಾಗಿ ಬರೆಯುತ್ತಿದ್ದೇನೆ, ಕ್ಷಮೆ ಇರಲಿ. ಜಮೀರ್ ಅವರನ್ನು ದೂರದಿಂದ ನೋಡಿದೆ. ಸಂತೆಯ ದಿನ ಅಂಗಡಿಯಲ್ಲಿ ಬಹಳ ಕೆಲಸವಿರುತ್ತದೆ, ಮಾತನಾಡಿಸಲು ಆಗಲಿಲ್ಲ.

ಈಗಿನ ದಿನಮಾನಗಳು ತಮಗೂ ತಿಳಿದಿವೆ. ಯುವಜನರಲ್ಲಿ ಜಾಗೃತಿ ಉಂಟಾಗಿದೆ. ನಮ್ಮ ಸಂತೆ, ನಮ್ಮ ವ್ಯಾಪಾರ ನಮ್ಮವರ ಕೈಯಲ್ಲಿ ಉಳಿಯಬೇಕೆಂಬುದು ಹಲವರ ಅಭಿಪ್ರಾಯ. ಇದರಲ್ಲಿ ಯಾರ ಮೇಲೂ ವೈಯಕ್ತಿಕ ದ್ವೇಷವಿಲ್ಲ. ತಮ್ಮಂಥವರ ವಿಷಯವೇ ಬೇರೆ. ತಾವು ನಮಗೆ ಕನ್ನಡ ಕಲಿಸಿದವರು.

ಜಮೀರ್ ಅವರು ಕೆಲವು ವಾರ ಈ ಕಡೆ ಬಾರದಿದ್ದರೆ ಒಳ್ಳೆಯದೆಂದು ನನಗನ್ನಿಸುತ್ತದೆ.

ಪ್ರಭುರಾಜ

&nbsp;

ರಾಯಚೂರು
5 ಏಪ್ರಿಲ್ 2022

ಪ್ರಭು,

ನಿನ್ನ ಪತ್ರ ಓದಿ ಜಮೀರನಿಗೆ ಹೋಗಬ್ಯಾಡ ಅಂದೆ. ಒಂದು ಮದವಿ ಮನಿಯವರಿಗೆ ದಿಂಬು ಕೊಡ್ತೀನಿ ಅಂತ ಮಾತು ಕೊಟ್ಟೀನಿ ಅಂದ. ಟಂಟಂ ಗಾಡಿ ತುಂಬಕೊಂಡು ಹೋದ.

ಮುಂಜಾನಿ ಹನ್ನೊಂದರ ಸುಮಾರಿಗೆ ಏಳೆಂಟು ಮಂದಿ ಬಂದು ಸಂತ್ಯಾಗಿನ ಎಲ್ಲಾರ ಕೈಯಾಗ ಹಳದಿ ಕಾಗದ ಕೊಟ್ಟರಂತ. ಓದಲಿಕ್ಕೆ ಬರೋರು ಬಾರದವರಿಗೆ ಓದಿ ಹೇಳಿದ್ರು. ದಿಂಬು ಒತ್ತಿ ನೋಡಾಕತ್ತಿದ್ದ ಹೆಣ್ಮಕ್ಕಳು ಕೈ ತೆಗೆದು ಒಬ್ಬೊಬ್ಬರಾಗಿ ಸರದ್ರು. ಆಮ್ಯಾಲ ಅಂಗಡಿ ಎತ್ತು ಅಂದ್ರು. ಜಮೀರ್ ಎದುರು ಮಾತಾಡದ ಎತ್ತಾಕತ್ತಿದ್ದ. ಯಾರೋ ಗಂಟಿಗೆ ಒದ್ದರು. ಬಿಳಿ ದಿಂಬೆಲ್ಲಾ ಗಟಾರದಾಗ ಬಿದ್ವು.

ಆಗ ಕಂಬಳಿ ಹೊತಗೊಂಡಿದ್ದ ಒಬ್ಬಾಕಿ ಮುದುಕಿ ಮಂದಿ ನಡುವ ನುಗ್ಗಿ ಬಂದು, ದಿಂಬು ಒಂದೊಂದಾಗಿ ಎತ್ತಿ, ಸೆರಗಿಲೆ ಒರಿಸಿ ಟಂಟಂನ್ಯಾಗ ಇಟ್ಟಳಂತ. "ಹೆದರಬ್ಯಾಡ ತಮ್ಮಾ. ನನ್ನ ಮಗ ಪ್ರಭುರಾಜ ಇಲ್ಲೇ ಫ್ಲೆಕ್ಸ್ ಅಂಗಡಿ ಇಟ್ಟಾನ. ಅವನ ಹೆಸರು ಹೇಳು, ಯಾರೂ ನಿನ್ನ ಮುಟ್ಟಂಗಿಲ್ಲ" ಅಂದಳಂತ. ಜಮೀರ್ ಆ ಹೆಸರು ಹೇಳಿದ. ಅವರು ಒಬ್ಬರ ಮಾರಿ ಒಬ್ಬರು ನೋಡಿಕೊಂಡು ಹಿಂದ ಸರದ್ರಂತ.

ನಿನ್ನ ಹೆಸರಿನಿಂದ ನಮ್ಮ ಮನಿ ಮನುಷ್ಯಾ ಮೈಮ್ಯಾಲ ಒಂದು ಏಟಿಲ್ಲದ ತಿರುಗಿ ಬಂದ. ನಿನಗೂ ನಿಮ್ಮವ್ವಗೂ ಕೈ ಮುಗದು ಹೇಳ್ತೀನಿ, ಈ ಉಪಕಾರ ಮರೆಯಂಗಿಲ್ಲ.

ನಮ್ಮ ವಿಷಯ ಬ್ಯಾರೆ ಅಂತ ಬರದಿದ್ದಿ. ಮೂವತ್ತು ವರ್ಷದಿಂದ ಈ ಮಾತು ಕೇಳಾಕತ್ತೀನಿ. ಸ್ಟಾಫ್ ರೂಮಿನ್ಯಾಗ ನನಗೂ ಹಿಂಗ ಅಂತಿದ್ರು. ನಾನೂ ನಕ್ಕು ಸುಮ್ಮನಾಗ್ತಿದ್ದೆ. ನಾ ಬ್ಯಾರೆ ಆದ್ರ, ಜಮೀರ್ ಯಾರು?

ಮತ್ತ ನೀ ಈ ಸಲ ಪುಸ್ತಕದ ಕನ್ನಡದಾಗ ಬರದಿ.

ನಿನ್ನ ಅಕ್ಕೋರು

&nbsp;

ರಾಯಚೂರು
12 ಜೂನ್ 2022

ಪ್ರಭು,

ಎರಡು ತಿಂಗಳಾತು, ನಿನ್ನಿಂದ ಸುದ್ದಿ ಇಲ್ಲ. ಆರಾಮ ಇದ್ದೀಯಿಲ್ಲೋ ಅಂತ ಮನಸಿಗೆ ಹತ್ತೇದ. ಜಮೀರ್ ಈಗ ಮಾನ್ವಿ ಸಂತಿ ಒಂದೇ ಮಾಡ್ತಾನ. ದೇವದುರ್ಗದ ಹೆಸರು ತೆಗೆದ್ರ ಎದ್ದು ಹೊರಗ ಹೋಗ್ತಾನ. ಆದ್ರೂ ನಿಮ್ಮವ್ವಗ ಅಂತ ಒಂದು ದಿಂಬು ಹೊಲದಾನ. ನಾ ಹೇಳಲಿಲ್ಲ, ತಾನಾಗೇ ಹೊಲದ. ಬಸ್ಸಿನ ಮ್ಯಾಲ ಕಳಸೀನಿ, ಇಳಿಸಿಕೋ. ಅವ್ವನ ಕೈಗೇ ಮುಟ್ಟಿಸು.

ನಿನ್ನ ಅಕ್ಕೋರು

&nbsp;

ದೇವದುರ್ಗ
9 ಜುಲೈ 2022

ಅಕ್ಕೋರ,

ದಿಂಬು ಬಂದು ಮೂರು ವಾರ ಆತು. ಅಂಗಡ್ಯಾಗ ಕಟ್ಟಿದ್ದು ಕಟ್ಟಿದಂಗ ಅದ. ಅವ್ವಗ ಮುಟ್ಟಿಸಿಲ್ಲ. ಮುಟ್ಟಿಸಾಕ ಅಕಿ ನನ್ನ ಜೋಡಿ ಮಾತಾಡಂಗಿಲ್ಲ.

ಆ ಹಳದಿ ಕಾಗದ ಬರದವ ನಾನ ರೀ. ಒಂದೊಂದು ಅಕ್ಷರಾನೂ ನಂದ. ಛಾಪಿಸಿದ್ದು ನನ್ನ ಅಂಗಡ್ಯಾಗ. ಜಮೀರ್ ಅಣ್ಣನ ಗಂಟಿಗೆ ಒದ್ದಾಗ ನಾನು ಎದುರಿಗಿನ ಚಾದ ಅಂಗಡ್ಯಾಗ ನಿಂತು ನೋಡಾಕತ್ತಿದ್ದೆ. ನನ್ನ ಹೆಸರು ಹೇಳಿದ ಕೂಡ್ಲೆ ಅವರು ಸರದದ್ದು ಯಾಕಂದ್ರ, ನಾನು ಅವರಾಂವ.

ಅವ್ವಗ ಇದು ಗೊತ್ತಿರಲಿಲ್ಲ. ಮಗ ದೊಡ್ಡಾಂವ ಆಗ್ಯಾನ, ಅವನ ಮಾತು ನಡೀತದ ಅಂತ ಹೆಮ್ಮಿಲೆ ನನ್ನ ಹೆಸರು ಹೇಳ್ಯಾಳ. ಟಂಟಂ ಹೋದ ಮ್ಯಾಲ ರಾಡಿ ಕೈಲೆ ನನ್ನ ಅಂಗಡಿಗೆ ಬಂದಳು. ಮೂಲ್ಯಾಗ ಹಳದಿ ಕಾಗದದ ಕಟ್ಟು ಕಂಡಳು. ಅಕಿಗೆ ಓದು ಬರಂಗಿಲ್ಲ, ಬಣ್ಣ ಗೊತ್ತಾತು. ಒಂದು ಎತ್ತಿ ನನ್ನ ಕೈಯಾಗ ಕೊಟ್ಟು, "ಓದು" ಅಂದಳು. ನಾಲ್ಕು ಸಾಲು ಓದಿ ನಿಲ್ಲಿಸಿದೆ. "ಪೂರಾ ಓದು" ಅಂದಳು. ಓದಿದೆ. ಯಾರು ಬರದಾರ ಅಂತ ಕೇಳಲಿಲ್ಲ. ಕೈ ತೊಳಕೊಂಡು, ನನಗಂತ ಕಟಗೊಂಡು ಬಂದಿದ್ದ ರೊಟ್ಟಿ ಗಂಟು ಹೊಳ್ಳಿ ತಗೊಂಡು ಮಲ್ಲಟದ ಕಡಿ ಹೋದಳು.

ಹೆಂಗ ಹಿಂಗಾದೆ ಅಂತ ನೀವು ಕೇಳಬಹುದು. ಶಕ್ತಿನಗರದಿಂದ ಬಂದು ಖಾಲಿ ಕುಂತಾಗ ಬಳಗದವರು ಮಾತಾಡಿಸಿದ್ರು. ಕುರಿ ಕಾಯೋರ ಮಗನ್ನ ಯಾರೂ ಅಣ್ಣಾ ಅಂದಿರಲಿಲ್ಲ, ಅವರು ಅಂದ್ರು. ದೊಡ್ಡ ಮಂದಿ ಪಕ್ಕದಾಗ ಕುರ್ಚಿ ಹಾಕಿ ಕೂಡಿಸಿದ್ರು. ನಾ ಬರದದ್ದು ಮೈಕಿನ್ಯಾಗ ಓದಿದ್ರು. ಮೊದಲು ರಕ್ತದಾನ, ಸಸಿ ಹಚ್ಚೋದು ಇತ್ತು. ಆಮ್ಯಾಲ ದಿನಾ ಮುಂಜಾನಿ ಫೋನಿಗೆ ವಿಡಿಯೋ ಬರಾಕತ್ತಿದ್ವು. ಒಂದು ವರ್ಷ ನೋಡಿದೆ. ಮೊದಲು ಸಾಬರ ಅಂಗಡಿ ಮುಂದ ಹಾದ್ರ ಏನೂ ಅನಸ್ತಿರಲಿಲ್ಲ, ಆಮ್ಯಾಲ ದಾರಿ ದಾಟಿ ಆ ಕಡಿಯಿಂದ ಹೋಗ್ತಿದ್ದೆ. ಅದೂ ಖರೇ ಸಿಟ್ಟು ಅಂತ ಅನಸ್ತಿತ್ತು. ನೀವು ನೆನಪಾದಾಗ, ಅಕ್ಕೋರು ಬ್ಯಾರೆ ಅಂತ ನನಗ ನಾನ ಹೇಳಿಕೊಂತಿದ್ದೆ. ನಿಮಗ ಪತ್ರ ಬರದದ್ದೂ ಅದಕ್ಕ ಇರಬೇಕು. ನಾ ಚೊಲೊ ಮನುಷ್ಯಾ ಅಂತ ನಿಮ್ಮ ಬಾಯಿಲೆ ಕೇಳಬೇಕಾಗಿತ್ತು.

ನೀವು ಧನ್ಯವಾದ ಬರದ ಪತ್ರ ದಿನಾ ಓದ್ತೀನಿ. ಬೈದು ಬರದಿದ್ರ ಇಷ್ಟು ಸಂಕಟ ಆಗ್ತಿರಲಿಲ್ಲ.

ಪ್ರಭುರಾಜ

&nbsp;

ರಾಯಚೂರು
18 ಸೆಪ್ಟೆಂಬರ್ 2022

ಪ್ರಭು,

ಎರಡು ಪತ್ರ ಬರದು ಹರದೆ. ಇದು ಮೂರನೇದು.

ನನಗ ಗೊತ್ತಿತ್ತು. ಜಮೀರ್ ಅವತ್ತು ತಿರುಗಿ ಬಂದಾಗ ಆ ಕಾಗದ ಅವನ ಅಂಗಿ ಕಿಸೆದಾಗ ಇತ್ತು. ಒಂದು ಬೈಗುಳ ಇಲ್ಲ, ಒಂದು ಕಾಗುಣಿತ ತಪ್ಪಿಲ್ಲ. ಬರೇ ಪ್ರಶ್ನಿ. "ನೀವು ತಲೆಯಿಟ್ಟು ಮಲಗುವ ದಿಂಬು ಯಾರ ಕೈಯಲ್ಲಿ ತಯಾರಾಗಿದೆ ಎಂದು ಎಂದಾದರೂ ಯೋಚಿಸಿದ್ದೀರಾ?" ಪ್ರಶ್ನಿ ಹಾಕಿ ನಿಲ್ಲಿಸು, ಉತ್ತರ ಓದೋರಿಗೆ ಬಿಡು, ಪ್ರಬಂಧಕ್ಕ ಬಲ ಬರ್ತದ ಅಂತ ನಿನಗ ಕಲಿಸಿದಾಕಿ ನಾನು. ಯಾರ ಬರಹ ಅಂತ ಜಮೀರ್ ಕೇಳಿದ. ಗೊತ್ತಿಲ್ಲ ಅಂದೆ. ಇಷ್ಟು ವರ್ಷದಾಗ ಅವನಿಗೆ ಹೇಳಿದ ಸುಳ್ಳು ಅದೊಂದ.

ಆದ್ರ ನಾ ಬರದ ಧನ್ಯವಾದ ಸುಳ್ಳಲ್ಲ. ನಿಮ್ಮವ್ವ ಮಾಡಿದ್ದು ನಿನ್ನ ಹೆಸರಿನ ಮ್ಯಾಲ. ನಿನ್ನ ಹೆಸರಿಗೆ ಅಷ್ಟು ಒಳ್ಳೇದು ಆಗೋ ಶಕ್ತಿ ಅದ ಅಂತ ನಿನಗೂ ತಿಳೀಲಿ ಅಂತ ಬರದೆ. ನೇರ ಕೇಳಿದ್ದರ ನೀ ಮತ್ತ ಪುಸ್ತಕದ ಕನ್ನಡದಾಗ ಉತ್ತರ ಬರೀತಿದ್ದಿ. ಈಗ ಯಾರೂ ಕೇಳದ ನೀನಾಗೇ ಹೇಳಿದಿ. ಸಿಟ್ಟು ಪೂರಾ ಇಳದಿಲ್ಲ. ಆದ್ರೂ ಹೇಳಿದ್ದಕ್ಕ ನಿನಗ ನಾನು ಋಣಿ.

ನಂದೂ ಒಂದು ಅದ, ಕೇಳು. ನಿನ್ನ ಜೋಡಿ ಓದಿದ ಆದೆಮ್ಮ ನೆನಪದಾಳೇನು? ಹೊಲಗೇರಿ ಹುಡುಗಿ. ನಾ ಮಲ್ಲಟಕ್ಕೆ ಬಂದ ವರ್ಷ ಊರ ಹಿರಿಯರು ಬಂದು, ಅಕಿ ಬಾಗಿಲ ಹತ್ರ ಕೂಡಲಿ, ನೀರಿನ ಕೊಡ ಮುಟ್ಟಬಾರದು ಅಂದ್ರು. ಒಂಟಿ ಹೆಂಗಸು, ಅದರಾಗ ಸಾಬರಾಕಿ. ಬಾಡಿಗಿ ಮನಿ ಅವರ ಕಡ್ಯಾಗಿತ್ತು. ಹೂಂ ಅಂದೆ. ಆ ಹುಡುಗಿ ಎರಡು ವರ್ಷ ಬಾಗಿಲಾಗ ಕುಂತು, ಐದನೇತ್ತಕ್ಕ ಸಾಲಿ ಬಿಟ್ಟಳು. ಅದೂ ಊರಿನವರ ಅಭಿಪ್ರಾಯನ ಆಗಿತ್ತು. ಅಕಿ ಮ್ಯಾಲ ನನಗೂ ದ್ವೇಷ ಇರಲಿಲ್ಲ. ದ್ವೇಷ ಇಲ್ಲದಾನೂ ಕೆಲಸ ಹೆಂಗ ಆಗ್ತದ ಅಂತ ನಿನಗಿಂತ ಮೊದಲು ನನಗ ಗೊತ್ತಾಗೇದ.

ಹೋದ ತಿಂಗಳು ಜಮೀರನಿಗೆ ಫೋನ್ ಬಂತು. ದೇವದುರ್ಗ ಸಂತ್ಯಾಗ ಕಾಯಿಪಲ್ಲೆ ಮಾರೋ ಹೆಣ್ಮಕ್ಕಳ ಸಂಘ ಅದಂತ. ನೀ ಬಾ, ನಿನ್ನ ಜಾಗ ಖಾಲಿ ಇಟ್ಟೀವಿ ಅಂತ ಅದರ ಮುಖಂಡಿ ಹೇಳಿದಳಂತ. ಹೆಸರು ಆದೆಮ್ಮ, ತವರು ಮಲ್ಲಟ.

ನೀ ಮೊದಲು ಅವ್ವನ ಹತ್ರ ಹೋಗು. ಆಮ್ಯಾಲ ಆದೆಮ್ಮನ ಹತ್ರ ಹೋಗು. ಅಕಿ ಹೇಳಿದಂಗ ಕೇಳು.

ನಿನ್ನ ಅಕ್ಕೋರು

&nbsp;

ದೇವದುರ್ಗ
4 ಡಿಸೆಂಬರ್ 2022

ಅಕ್ಕೋರ,

ನೀವು ಹೇಳಿದಂಗ ಮೊದಲು ಮಲ್ಲಟಕ್ಕ ಹೋದೆ. ಅವ್ವ ಕುರಿಮರಿಗೆ ಸೊಪ್ಪು ಹಾಕಾಕತ್ತಿದ್ದಳು. ದಿಂಬು ಕೊಟ್ಟೆ, ಯಾರು ಹೊಲದದ್ದು ಅಂತ ಹೇಳಿದೆ. ತಗೊಂಡಳು. ಒಳಗಿಟ್ಟು ಬಂದು ಮತ್ತ ಸೊಪ್ಪು ಹಾಕಾಕ ಹತ್ತಿದಳು.

ಆಮ್ಯಾಲ ಆದೆಮ್ಮನ ಹತ್ರ. ಸಂಘದ ಹೆಣ್ಮಕ್ಕಳು ಮಾರುಕಟ್ಟಿ ಹಿಂದ ಕುಂತಿದ್ರು. ಕುರುಬರು, ಮಾದಿಗರು, ನಾಯಕರು, ಮುಸಲ್ಮಾನರು, ಎಲ್ಲಾರೂ ಒಂದೇ ಚೀಲದ ಮ್ಯಾಲ ಕುಂತು ಶೇಂಗಾ ತಿನ್ನಾಕತ್ತಿದ್ರು. ಏನು ಬೇಕಾಗಿತ್ತು ಅಂದಳು ಆದೆಮ್ಮ. ನಾ ಮಾಡಿದ್ದು ಹೇಳಿ, ಈಗ ನಿಮ್ಮ ಸಂಘಕ್ಕ ಒಂದು ಕಾಗದ ಬರದು ಪುಕ್ಕಟೆ ಛಾಪಿಸಿ ಕೊಡ್ತೀನಿ, ಸಂತಿ ಎಲ್ಲಾರದೂ ಅಂತ ಬರೀತೀನಿ ಅಂದೆ. ಅಕಿ ನನ್ನ ಮಾರಿ ನೋಡಿದಳು.

"ನಿನ್ನ ಅಕ್ಷರ ಬ್ಯಾಡ. ಕಾಗದದ ಹಿಂದ ಮಾರಿ ಮುಚ್ಚಿಕೊಳ್ಳಾಕ ಬರ್ತದ. ಬಾಯಿಲೆ ಹೇಳು."

ಮುಂದಿನ ಸಂತಿ ದಿನ ಅಕಿ ನನ್ನ ಸಾಲಿಗೆ ಸಾಲು ಕರಕೊಂಡು ಹೋದಳು. ಉಳ್ಳಾಗಡ್ಡಿ ಸಾಲು, ಮೆಣಸಿನಕಾಯಿ ಸಾಲು, ಬಟ್ಟಿ ಸಾಲು. ಪ್ರತಿಯೊಬ್ಬರ ಮುಂದೂ ನಿಲ್ಲಿಸಿದಳು. ಆ ಹಳದಿ ಕಾಗದ ಬರದವ ನಾನ, ಅದ್ರಾಗ ಪ್ರಶ್ನಿ ಹಾಕಿ ಹುಟ್ಟಿಸಿದ ಸಂಶಯ ಒಂದೂ ನಾ ಕಣ್ಣಿಲೆ ಕಂಡಿದ್ದಲ್ಲ, ಅಂತ ಹೇಳಿಸಿದಳು. ಕೆಲವರು ನಕ್ಕರು. ಒಬ್ಬಾಕಿ, ನಾ ಅದನ್ನ ಓದಿಸಿಕೊಂಡು ಮನ್ಯಾಗಿನ ಗಾದಿ ಸುಟ್ಟೆ ಅಂದಳು. ಅಂಥಾ ನಾಲ್ಕು ಸಂತಿ ತಿರುಗಿದೆ.

ಬಳಗದವರು ಬಂದು ಕೇಳಿದ್ರು. ಹೌದು ಅಂದೆ. ಈಗ ಅವರ ಕೆಲಸ ನನಗ ಬರಂಗಿಲ್ಲ. ಅಂಗಡಿ ಬೋರ್ಡ್ ಎರಡು ಸಲ ಹರದಾರ. ಅದರಾಗ ಇಬ್ಬರು ಮಾತ್ರ, ಮಂದಿ ಇಲ್ಲದಾಗ ಬಂದು, ನಮಗೂ ಸಾಕಾಗೇದ ಅಣ್ಣಾ ಅಂದು ಹೋದ್ರು.

ಆಮ್ಯಾಲ ಸಂಘದವರು ಒಂದು ತೀರ್ಮಾನ ಮಾಡಿದ್ರು. ಜಮೀರಗ ಜಾಗ ಇಲ್ಲಂದ್ರ ನಮಗೂ ಬ್ಯಾಡ ಅಂದ್ರು. ಹೋದ ಸಂತಿ ದಿನ ಒಬ್ಬಾಕಿನೂ ಅಂಗಡಿ ಹಚ್ಚಲಿಲ್ಲ. ಮಂದಿ ಖಾಲಿ ಚೀಲ ಹಿಡಕೊಂಡು ಬಂದು ಖಾಲಿ ಚೀಲ ಹಿಡಕೊಂಡು ಹೋದ್ರು. ಕೊತ್ತಂಬರಿ ಒಂದು ಸಿವುಡು ಸಿಗಲಿಲ್ಲ. ಮಧ್ಯಾಹ್ನಕ್ಕ ಊರ ಹಿರಿಯರು, ವ್ಯಾಪಾರಸ್ಥರು ಆದೆಮ್ಮನ್ನ ಹುಡಕೊಂಡು ಬಂದ್ರು. ಸಂತ್ಯಾಗ ಯಾರು ಬೇಕಾದವರು ಕೂಡಲಿ, ತಡದವರನ್ನ ನಾವು ನೋಡಿಕೊಂತೀವಿ ಅಂತ ಎಲ್ಲಾರ ಮುಂದ ಹೇಳಿ ಹೋಗ್ಯಾರ.

ಅವತ್ತು ಸಂಜಿಮುಂದ ಅಂಗಡಿ ಬಾಗಿಲಾಗ ಅವ್ವ ನಿಂತಿದ್ದಳು. ಸಂತ್ಯಾಗ ನಾ ಹೇಳಿದ್ದು ಮಲ್ಲಟಕ್ಕೂ ಮುಟ್ಟಿತ್ತಂತ. ಎಂಟು ತಿಂಗಳ ಮ್ಯಾಲ ಮಾತಾಡಿದಳು. "ಉಂಡಿಯೇನು?" ಅಂದಳು. ಅಷ್ಟ.

ಜಮೀರ್ ಅಣ್ಣನ ಮುಂದ ನಾನ ಬಂದು ಹೇಳಬೇಕು ಅಂತ ಅದ. ಹೊಸ ವರ್ಷದ ಮೊದಲ ಸಂತಿಗೆ ಅವರನ್ನ ಕರಕೊಂಡು ನೀವೂ ಬರ್ರಿ. ಆದೆಮ್ಮನೂ ಬರ್ರಿ ಅಂದಾಳ.

ನಿಮ್ಮ
ಪ್ರಭು

&nbsp;

ರಾಯಚೂರು
5 ಫೆಬ್ರುವರಿ 2023

ಪ್ರಭು,

ದೇವದುರ್ಗದಿಂದ ಬಂದು ತಿಂಗಳಾತು, ಬರಿಯಾಕ ಈಗ ಕುಂತೀನಿ. ಅವತ್ತು ಆದೆಮ್ಮ ನಿನ್ನ ಚಾ ತರಾಕ ಕಳಸಿ ನನ್ನ ಜೋಡಿ ಏನು ಮಾತಾಡಿದಳು ಅಂತ ಕೇಳಿದ್ದಿ. ಹೇಳ್ತೀನಿ.

ಮೊದಲು ಜಮೀರನ ಸುದ್ದಿ. ನೀ ಅವನ ಮುಂದ ನಿಂತು ಹೇಳಿದಾಗ ಅಂವ ಏನೂ ಅನಲಿಲ್ಲ ಅಂತ ನಿನಗ ಕೆಟ್ಟ ಅನಿಸಿರಬೇಕು. ಅಂವ ಹಂಗ. ಬಸ್ಸಿನ್ಯಾಗ ಬರೋಮುಂದ ನನ್ನ ಕೈಯಾಗಿನ ನೋಟ್‌ಬುಕ್ ತಗೊಂಡು, "ಅಮ್ಮಿ, ಅಂವ ಟಂಟಂನಿಂದ ಗಂಟು ಇಳಿಸಾಕ ಕೈ ಹಚ್ಚಿದ. ನಾ ಬ್ಯಾಡ ಅನಲಿಲ್ಲ" ಅಂತ ಬರದು ತೋರಿಸಿದ. ಅವನಿಂದ ಇಷ್ಟು ಬಂದ್ರ ಭಾಳ ಬಂತು ಅಂತ ತಿಳಕೋ. ನಾ ಹೇಳಿದ್ದ ಸುಳ್ಳೂ ಅವನ ಮುಂದ ಒಪ್ಪಿಕೊಂಡೀನಿ.

ನೀ ಚಾಕ್ಕ ಹೋದ ಮ್ಯಾಲ ನಾನು ಆದೆಮ್ಮನ ಕೈ ಹಿಡಕೊಂಡು ತಪ್ಪಾತವ್ವ ಅಂದೆ. ಇಪ್ಪತ್ತು ವರ್ಷ ಮನಸಿನ್ಯಾಗ ಹೊಂದಿಸಿಟ್ಟಿದ್ದ ಮಾತು ಒಂದೂ ನೆನಪಾಗಲಿಲ್ಲ. ಅಕಿ ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. ನನಗ ತಿಳೀಲಿ ಅಂತ ಸಾವಕಾಶ ತುಟಿ ಆಡಿಸಿ ಹೇಳಿದಳು.

"ಅಕ್ಕೋರ, ನಾ ಮರತಿಲ್ಲ. ಮರೀತೀನಿ ಅಂತ ಸುಳ್ಳೂ ಹೇಳಂಗಿಲ್ಲ. ನಿಮ್ಮ ಅಳಿಯ ಅಂತ ನಾವು ಇದನ್ನ ಮಾಡಿದ್ದಲ್ಲ. ಅವನ್ನ ಎಬ್ಬಿಸಿದ್ದು ನಾ ಕಂಡೆ. ಎಬ್ಬಿಸೋದು ಅಂದ್ರ ಏನಂತ ನನಗ ಗೊತ್ತದ."

ನಾ ತಲಿ ತಗ್ಗಿಸಿದೆ. ಅಕಿ ಮೊಣಕೈ ತಟ್ಟಿ ಮಾರಿ ಎತ್ತಿಸಿದಳು. ಮಗಳು ಲಲಿತಾ ರಾಯಚೂರಿನ ಹಾಸ್ಟೆಲಿನ್ಯಾಗ ಎಂಟನೇತ್ತ ಓದ್ತಾಳ, ಲೆಕ್ಕ ಚೊಲೊ ಮಾಡ್ತಾಳ, ಕನ್ನಡ ಬರಿಯಾಕ ಅಂಜತಾಳ ಅಂದಳು. ಐತವಾರ ಕಳಸ್ತೀನಿ, ಕಲಸ್ತೀರೇನು ಅಂತ ಕೇಳಿದಳು. ಹೂಂ ಅಂತ ತಲಿ ಆಡಿಸಿದೆ.

ಮೊದಲ ಐತವಾರ ಲಲಿತಾ ಒಬ್ಬಾಕೇ ಬಂದಳು. ಸಣಕಲ ಹುಡುಗಿ, ತಾಯಿ ಕಣ್ಣು. ಸಂತಿ ಮ್ಯಾಲ ಅರ್ಧ ಪುಟ ಬರದಳು. ಬದನಿಕಾಯಿಗೆ ನೀರು ಚಿಮುಕಿಸಿ ಹೊಸದು ಅಂತ ಮಾರೋದು ಹೆಂಗ ಅಂತ ಎಲ್ಲಾ ಖರೇನ ಬರದಿದ್ದಳು. ನಕ್ಕು ನಕ್ಕು ಕಣ್ಣಾಗ ನೀರು ಬಂದ್ವು. ನಾಹಿದ್ ಮಾಡಿದ ಖಿಚಡಿ ಎರಡು ಸಲ ಹಾಕಿಸಿಕೊಂಡು ಉಂಡಳು.

ಹೋದ ಐತವಾರ ಬಾಗಿಲು ತೆಗೆದು ನೋಡ್ತೀನಿ, ಐದು ಮಂದಿ ಹುಡುಗ್ಯಾರು ನಿಂತಾರ. ಒಬ್ಬಾಕಿ ಸಿರವಾರದಾಕಿ, ಒಬ್ಬಾಕಿ ಯರಗೇರಾದಾಕಿ, ಉಳಿದಿಬ್ಬರು ಎಲ್ಲಿಯವರೋ ಇನ್ನೂ ಕೇಳಿಲ್ಲ. ಇವರೆಲ್ಲಾ ಯಾರು ಅಂತ ಕೇಳಿದೆ. ಲಲಿತಾ ನೋಟ್‌ಬುಕ್ ತೆಗೆದು ಬರದು ನನ್ನ ಮುಂದ ಹಿಡದಳು: "ನಮ್ಮ ರೂಮಿನವರು ರೀ. ಒಬ್ಬಾಕೇ ಕಲಿಬ್ಯಾಡ, ಎಲ್ಲಾರ್ನೂ ಕರಕೊಂಡು ಹೋಗು ಅಂದಾಳ ಅವ್ವ."

ಒಳಗ ಹೋಗಿ ಇನ್ನೊಂದು ಚಾಪಿ ತಂದೆ.

ನಿನ್ನ ಅಕ್ಕೋರು